ಎಂಜಿನ್‌ಗಿಂತ ಮೊದಲು ದಿನಗಳ ಲೆಕ್ಕ: ಗ್ರಹಯಾನಕ್ಕೆ ಹೊರಡುವ ಮಾನವಸಹಿತ ನೌಕೆಯ ವಿನ್ಯಾಸ

ಪ್ರಶ್ನೆ: ನಾವು ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು. ನಾಲ್ವರು ಗಗನಯಾತ್ರಿಗಳನ್ನು ಮಂಗಳ, ಗುರುವಿನ ಉಪಗ್ರಹಗಳು ಮತ್ತು ಶನಿಯವರೆಗೆ ಕರೆದೊಯ್ದು ಮರಳಿ ತರುವ ಒಂದೇ ನೌಕೆಯ ವಿನ್ಯಾಸವನ್ನು ಪ್ರಾಜೆಕ್ಟ್‌ಗೆ ಆಯ್ದುಕೊಂಡಿದ್ದೇವೆ. ಪರಮಾಣು ಎಂಜಿನ್ ಬೇಕೆಂದು ತೀರ್ಮಾನಿಸಿ, ಕೃತಕ ಗುರುತ್ವಕ್ಕಾಗಿ ತಿರುಗುವ ಚಕ್ರದಂಥ ವಾಸದ ಭಾಗವನ್ನೂ ಚಿತ್ರಿಸಿದ್ದೇವೆ. ಯಾವ ಬಗೆಯ ಪರಮಾಣು ಎಂಜಿನ್ ಸೂಕ್ತ? ಚಕ್ರ ಎಷ್ಟು ದೊಡ್ಡದಿರಬೇಕು? ಕೊನೆಯದಾಗಿ, ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಒಯ್ಯಲು ಸಾಧ್ಯವೇ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ, ಆದರೆ ನೀವು ಕೇಳಿದ ಕ್ರಮದಲ್ಲಿ ಅವುಗಳನ್ನು ಬಿಡಿಸಲು ಬರುವುದಿಲ್ಲ. ನೌಕೆಯ ವಿನ್ಯಾಸವನ್ನು ಎಂಜಿನ್‌ನಿಂದ ಆರಂಭಿಸಿದರೆ, ಮುಂದಿನ ಪ್ರತಿಯೊಂದು ನಿರ್ಧಾರವೂ ಆ ಎಂಜಿನ್ನನ್ನು ಸಮರ್ಥಿಸುವ ಕೆಲಸವಾಗಿಬಿಡುತ್ತದೆ. ಮನುಷ್ಯರಿರುವ ನೌಕೆಯಲ್ಲಿ ಮೊದಲು ಬರೆಯಬೇಕಾದ ಸಂಖ್ಯೆ ದಿನಗಳದ್ದು. ಎಷ್ಟು ದಿನ ಎಂಬುದು ಗೊತ್ತಾದರೆ ಎಷ್ಟು ಅನ್ನ, ಎಷ್ಟು ನೀರು, ಎಷ್ಟು ಬಿಡಿಭಾಗ, ಎಷ್ಟು ವಿಕಿರಣ ಎಂಬುದು ಗೊತ್ತಾಗುತ್ತದೆ. ಅವುಗಳಿಂದ ತೂಕ ಹೊರಡುತ್ತದೆ, ಆ ತೂಕವೇ ಎಂಜಿನ್ನನ್ನು ಆಯ್ಕೆ ಮಾಡುತ್ತದೆ.

ಕನಿಷ್ಠ ಶಕ್ತಿಯಲ್ಲಿ ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗುವ ಪಥವನ್ನು ಜರ್ಮನ್ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಆ ಪಥದಲ್ಲಿ ಮಂಗಳಕ್ಕೆ ಸುಮಾರು 259 ದಿನ ಬೇಕು. ಅಲ್ಲಿಗೆ ತಲುಪಿದ ಮರುದಿನವೇ ಹಿಂದಿರುಗಲು ಬರುವುದಿಲ್ಲ. ಭೂಮಿ ಮತ್ತು ಮಂಗಳ ಮತ್ತೆ ತಕ್ಕ ಸ್ಥಾನಗಳಿಗೆ ಬರುವವರೆಗೆ ಸುಮಾರು 455 ದಿನ ಕಾಯಬೇಕು, ಆ ಬಳಿಕ ಮತ್ತೆ 259 ದಿನಗಳ ಪ್ರಯಾಣ. ಹೀಗೆ ಒಟ್ಟು 970 ದಿನಗಳಿಗೂ ಸ್ವಲ್ಪ ಹೆಚ್ಚು. ಹೊರಡುವ ಅವಕಾಶವೂ ಸುಮಾರು 26 ತಿಂಗಳಿಗೊಮ್ಮೆ ಮಾತ್ರ. ಇದೇ ಬಗೆಯ ಪಥದಲ್ಲಿ ಗುರುವಿಗೆ ಹೋಗಲು ಒಂದು ದಿಕ್ಕಿಗೇ ಎರಡೂ ಮುಕ್ಕಾಲು ವರ್ಷ, ಹೋಗಿ ಬರಲು ಸುಮಾರು 6 ವರ್ಷ. ಶನಿಗಾದರೆ ಹೋಗಲಿಕ್ಕೇ 6 ವರ್ಷ. ಹೆಚ್ಚು ಇಂಧನ ಸುಟ್ಟು ಈ ಅವಧಿಗಳನ್ನು ಕಡಿಮೆ ಮಾಡಬಹುದು, ಆದರೆ ಆರಂಭದ ಅಳತೆಗೋಲು ಇದೇ.

ಇದರ ಜೊತೆಗೆ ಬಿಸಿಲನ್ನೂ ನೋಡಿ. ಭೂಮಿಯ ಬಳಿ ಪ್ರತಿ ಚದರ ಮೀಟರ್‌ಗೆ 1361 ವ್ಯಾಟ್ ಸೌರಶಕ್ತಿ ದೊರೆತರೆ, ಮಂಗಳದ ಬಳಿ ಸುಮಾರು 590, ಗುರುವಿನ ಬಳಿ 50, ಶನಿಯ ಬಳಿ 15 ವ್ಯಾಟ್ ಮಾತ್ರ. ಮಂಗಳಕ್ಕೆ ಸೌರಫಲಕ ನಂಬಿ ಹೋಗಬಹುದಾದ ನೌಕೆ ಶನಿಯಲ್ಲಿ ಕತ್ತಲೆಯಲ್ಲಿ ಕುಳಿತಂತೆ. ಶನಿಗೆ ತಕ್ಕಂತೆ ಪರಮಾಣು ಸ್ಥಾವರ ಹೊತ್ತ ನೌಕೆಯನ್ನು ಮಂಗಳಕ್ಕೆ ಕಳುಹಿಸಿದರೆ ಅನಗತ್ಯ ಭಾರ. ಆದ್ದರಿಂದ ಮೂರೂ ಕಡೆಗೆ ಒಂದೇ ನೌಕೆ ಎಂಬ ನಿಮ್ಮ ಶೀರ್ಷಿಕೆಯನ್ನು ಬದಲಿಸಿ ಎಂಬುದು ನನ್ನ ಮೊದಲ ಸಲಹೆ. ಮಂಗಳವನ್ನು ಮುಖ್ಯ ಗುರಿಯಾಗಿ ಇಟ್ಟುಕೊಳ್ಳಿ. ಗುರುವಿನ ಉಪಗ್ರಹಗಳಲ್ಲಿ ಕ್ಯಾಲಿಸ್ಟೊವನ್ನು ಮಾತ್ರ ಒಂದು ಹೆಚ್ಚುವರಿ ಅಧ್ಯಾಯದಲ್ಲಿ ಪರಿಶೀಲಿಸಿ. ಯುರೋಪಾದ ಮೇಲ್ಮೈಯಲ್ಲಿ ರಕ್ಷಣೆಯಿಲ್ಲದೆ ನಿಂತವನಿಗೆ ಒಂದೇ ದಿನದಲ್ಲಿ 5 ಸೀವರ್ಟ್‌ಗಿಂತ (ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ) ಹೆಚ್ಚು ವಿಕಿರಣ ತಗಲುತ್ತದೆ, ಅದು ಪ್ರಾಣಾಂತಿಕ. ಕ್ಯಾಲಿಸ್ಟೊ ಗುರುವಿನ ತೀವ್ರ ವಿಕಿರಣ ಪಟ್ಟಿಗಳಿಂದ ಬಹಳ ಹೊರಗೆ ಸುತ್ತುತ್ತದೆ. 2003ರಲ್ಲಿ ನಾಸಾ ಹೊರಗ್ರಹಗಳ ಮಾನವಯಾನದ ಬಗ್ಗೆ ಅಧ್ಯಯನ ನಡೆಸಿದಾಗಲೂ ಕ್ಯಾಲಿಸ್ಟೊವನ್ನೇ ಗುರಿಯಾಗಿ ಆರಿಸಿಕೊಂಡಿತ್ತು. ಶನಿಯನ್ನು ಕೈಬಿಡಿ.

ಈಗ ನಾಲ್ವರಿಗೆ 970 ದಿನಗಳ ಲೆಕ್ಕ ಹಾಕೋಣ. ಒಬ್ಬ ವ್ಯಕ್ತಿಗೆ ದಿನಕ್ಕೆ ಸುಮಾರು 0.84 ಕೆ.ಜಿ. ಆಮ್ಲಜನಕ ಬೇಕು. ಕುಡಿಯಲು, ಅಡುಗೆಗೆ ಮತ್ತು ಮೈ ಒರೆಸಿಕೊಳ್ಳಲು ಸೇರಿ ಸುಮಾರು 3.8 ಲೀಟರ್ ನೀರು ಬೇಕು. ಪೊಟ್ಟಣದ ತೂಕವೂ ಸೇರಿ ಆಹಾರ ಸುಮಾರು 1.8 ಕೆ.ಜಿ. ಆಗುತ್ತದೆ. ಗುಣಿಸಿ ನೋಡಿದರೆ ಆಮ್ಲಜನಕ 3.3 ಟನ್, ನೀರು 14.7 ಟನ್, ಆಹಾರ 7 ಟನ್, ಒಟ್ಟು 25 ಟನ್. ಮೂತ್ರ, ಬೆವರು, ಉಸಿರಿನ ತೇವ ಇವೆಲ್ಲವನ್ನೂ ಶುದ್ಧೀಕರಿಸಿ ಮತ್ತೆ ಬಳಸಿದರೆ ಚಿತ್ರ ಬದಲಾಗುತ್ತದೆ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಅಮೆರಿಕನ್ ಭಾಗದಲ್ಲಿ 2023ರಲ್ಲಿ ಶೇಕಡ 98ರಷ್ಟು ನೀರಿನ ಮರುಬಳಕೆ ಸಾಧ್ಯವಾಯಿತು. ಆ ಮಟ್ಟದಲ್ಲಿ 14.7 ಟನ್ ನೀರಿನ ಜಾಗದಲ್ಲಿ ನಷ್ಟ ತುಂಬಲು ಸುಮಾರು 300 ಕೆ.ಜಿ. ಮತ್ತು ಆಪತ್ತಿಗೆಂದು ಒಂದೆರಡು ಟನ್ ದಾಸ್ತಾನು ಸಾಕು. ಆಮ್ಲಜನಕವನ್ನು ನೀರಿನ ವಿದ್ಯುದ್ವಿಭಜನೆಯಿಂದ, ಅಂದರೆ ವಿದ್ಯುತ್ ಹಾಯಿಸಿ ನೀರನ್ನು ಒಡೆದು, ಪಡೆಯಬಹುದು. ಉಸಿರಾಟದ ಕಾರ್ಬನ್ ಡೈಆಕ್ಸೈಡನ್ನು ಜಲಜನಕದೊಡನೆ ಸೇರಿಸಿ ಮೀಥೇನ್ ಮತ್ತು ನೀರಾಗಿ ಬದಲಿಸುವ ಸಬಾಟಿಯೆ ಕ್ರಿಯೆಯಿಂದ ಅದರಲ್ಲಿ ಒಂದು ಪಾಲು ನೀರು ಮರಳಿ ಬರುತ್ತದೆ. ಹೀಗೆ ನೀರು ಮತ್ತು ಗಾಳಿಯ ತೂಕ ಇಳಿದ ಮೇಲೆ ಉಳಿಯುವ ದೊಡ್ಡ ಭಾರ ಆಹಾರ. ಅದನ್ನು ಮರುಬಳಸುವ ಯಂತ್ರ ಇನ್ನೂ ಯಾರ ಬಳಿಯೂ ಇಲ್ಲ.

ಆದರೆ ಮರುಬಳಕೆಯ ಯಂತ್ರ ಉಳಿಸುವ ತೂಕವನ್ನು ಮಾತ್ರ ನೋಡಿ ಸಂತೋಷಪಡಬೇಡಿ, ಅದು ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ಬರೆಯಿರಿ. ನಿಲ್ದಾಣದಲ್ಲಿ ಮೂತ್ರ ಶುದ್ಧೀಕರಣ ಘಟಕ ಕೆಲಸ ಆರಂಭಿಸಿದ ಕೆಲವೇ ಸಮಯದಲ್ಲಿ ಕಟ್ಟಿಕೊಂಡಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ಕ್ಯಾಲ್ಸಿಯಂ ಸಲ್ಫೇಟ್‌ನ ಗಟ್ಟಿ ಪದರ. ತೂಕರಹಿತ ಸ್ಥಿತಿಯಲ್ಲಿ ಎಲುಬುಗಳು ಸವೆಯುತ್ತವೆ, ಸವೆದ ಎಲುಬಿನ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಬೀಳುತ್ತದೆ. ಮೂತ್ರ ಕೆಡದಂತೆ ಬೆರೆಸುತ್ತಿದ್ದ ಗಂಧಕಾಮ್ಲದ ಜೊತೆ ಅದು ಸೇರಿ ಸುಣ್ಣದಂತೆ ಗಟ್ಟಿಯಾಗಿತ್ತು. ಶುದ್ಧೀಕರಣದ ಪ್ರಮಾಣವನ್ನು ಕೆಲಕಾಲ ತಗ್ಗಿಸಿ ನಡೆಸಬೇಕಾಯಿತು, ಕೊನೆಗೆ ಗಂಧಕಾಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಳಸಿ ಪರಿಹಾರ ಕಂಡುಕೊಂಡರು. ನಿಮ್ಮ ವರದಿಯಲ್ಲಿ ವೈದ್ಯಕೀಯಕ್ಕೊಂದು ಅಧ್ಯಾಯ, ನೀರಿಗೊಂದು ಅಧ್ಯಾಯ ಎಂದು ಬೇರೆ ಬೇರೆ ಮಾಡಿ, ಒಬ್ಬೊಬ್ಬರಿಗೆ ಹಂಚಿ ಬರೆಯುವಿರೆಂದು ಊಹಿಸುತ್ತೇನೆ. ಎಲುಬಿನ ಸವೆತ ಪಂಪನ್ನು ಕೆಡಿಸಿದ ಈ ಪ್ರಸಂಗವನ್ನು ಇಬ್ಬರೂ ಓದಬೇಕು. ನಿಲ್ದಾಣಕ್ಕೆ ಕೆಲವು ತಿಂಗಳಿಗೊಮ್ಮೆ ಸರಕು ನೌಕೆ ಬಿಡಿಭಾಗ ತಂದುಕೊಡುತ್ತದೆ. ಮಂಗಳದ ದಾರಿಯಲ್ಲಿ ಅಂಥ ಅನುಕೂಲವಿಲ್ಲ. ಭೂಮಿಯಿಂದ ಸಲಹೆಯಾದರೂ ಬರಬೇಕೆಂದರೆ ಸಂಕೇತ ಒಂದು ದಿಕ್ಕಿಗೆ 3ರಿಂದ 22 ನಿಮಿಷ ತೆಗೆದುಕೊಳ್ಳುತ್ತದೆ. ಆದ್ದರಿಂದ ನಾನಾದರೆ ಶೇಕಡ 98 ಮರುಬಳಸುವ, ಬಿಚ್ಚಲು ಬಾರದ ಯಂತ್ರಕ್ಕಿಂತ, ಶೇಕಡ 90 ಮರುಬಳಸಿ ಕೈಯಲ್ಲಿ ಬಿಚ್ಚಿ ತೊಳೆಯಬಹುದಾದ ಯಂತ್ರವನ್ನೇ ಆರಿಸುತ್ತೇನೆ. ನೌಕೆಯ ಎಲ್ಲ ಪಂಪುಗಳೂ, ಫ್ಯಾನುಗಳೂ ಒಂದೆರಡೇ ಮಾದರಿಯವಾಗಿರಲಿ, ಹಾಗಾದರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಬರುತ್ತದೆ. ಈ ವಿಷಯದಲ್ಲಿ ಬೆಳಗಾವಿಯ ಉದ್ಯಮಬಾಗದ ಹೈಡ್ರಾಲಿಕ್ಸ್ ಕಾರ್ಖಾನೆಗಳಲ್ಲಿ ಒಂದು ದಿನ ಕಳೆದು, ಯಾವ ಸೀಲು ಎಷ್ಟು ಗಂಟೆಗೆ ಸೋರಲು ತೊಡಗುತ್ತದೆ ಎಂದು ಅಲ್ಲಿಯ ಫಿಟ್ಟರ್‌ಗಳನ್ನು ಕೇಳಿ. ಪಠ್ಯಪುಸ್ತಕಕ್ಕಿಂತ ಹೆಚ್ಚು ತಿಳಿಯುತ್ತದೆ.

ರೊಟ್ಟಿಯ ಪ್ರಶ್ನೆಯನ್ನು ತಮಾಷೆಗೆ ಕೇಳಿದ್ದೀರೋ ಏನೋ, ಆದರೆ ಅದು ವಿನ್ಯಾಸದ ಪ್ರಶ್ನೆಯೇ ಹೌದು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ತೂಕ ಕಡಿಮೆ, ಆ ದೃಷ್ಟಿಯಿಂದ ಉತ್ತಮ. ಆದರೆ ಅದನ್ನು ಮುರಿದ ಕೂಡಲೇ ಉದುರುವ ಚೂರುಗಳು ಕೆಳಗೆ ಬೀಳುವುದಿಲ್ಲ, ತೇಲಿ ಕಣ್ಣಿಗೋ ಮೂಗಿಗೋ ಫ್ಯಾನಿನ ಜಾಲರಿಗೋ ಹೋಗುತ್ತವೆ. 1965ರಲ್ಲಿ ಜೆಮಿನಿ 3 ನೌಕೆಯಲ್ಲಿ ಜಾನ್ ಯಂಗ್ ಗುಟ್ಟಾಗಿ ಒಯ್ದಿದ್ದ ಸ್ಯಾಂಡ್‌ವಿಚ್ ಹೀಗೆಯೇ ಚೂರು ಉದುರಿಸಿ ದೊಡ್ಡ ಚರ್ಚೆಗೆ ಕಾರಣವಾಗಿತ್ತು. 1985ರ ನಂತರ ಬ್ರೆಡ್ಡಿನ ಸ್ಥಾನವನ್ನು ಮೆತ್ತನೆಯ ಮೆಕ್ಸಿಕನ್ ಟೋರ್ಟಿಯಾ ಹಿಡಿದದ್ದೂ ಇದೇ ಕಾರಣಕ್ಕೆ. ಆದ್ದರಿಂದ ಖಡಕ್ ರೊಟ್ಟಿ ಬೇಡ, ಮೆತ್ತನೆಯ ರೊಟ್ಟಿಯನ್ನು ಕ್ರಿಮಿಶುದ್ಧಗೊಳಿಸಿ ಪೊಟ್ಟಣ ಕಟ್ಟಿ ಒಯ್ಯಬಹುದು. ಶೇಂಗಾ ಹಿಂಡಿಯ ಪುಡಿಯೂ ಹಾಗೆಯೇ ಬೇಡ, ಎಣ್ಣೆ ಹಾಕಿ ಮುದ್ದೆಯಂತೆ ಕಲಸಿಟ್ಟರೆ ತೊಂದರೆಯಿಲ್ಲ. ಭಾರತದ ಮಾನವಸಹಿತ ಅಂತರಿಕ್ಷ ಯೋಜನೆಯಾದ ಗಗನಯಾನಕ್ಕೆ ಆಹಾರ ಸಿದ್ಧಪಡಿಸಿರುವುದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಆದ್ದರಿಂದ ನಮ್ಮ ಊಟ ಅಂತರಿಕ್ಷಕ್ಕೆ ಹೊಸದೇನಲ್ಲ. ನಿಮಗೆ ನಿಜವಾಗಿ ಕಷ್ಟವಾಗುವುದು ಬೇರೆಡೆ: ಮೂರು ವರ್ಷ ಇಟ್ಟ ಆಹಾರದಲ್ಲಿ ಸಿ ಮತ್ತು ಬಿ1 ಜೀವಸತ್ವಗಳು ಕ್ರಮೇಣ ನಾಶವಾಗುತ್ತವೆ. ಹೊರಡುವಾಗ ಪೌಷ್ಟಿಕವಾಗಿದ್ದ ಊಟ ಹಿಂದಿರುಗುವಾಗ ಹಾಗಿರುವುದಿಲ್ಲ.

ವಿಕಿರಣದ ವಿಷಯದಲ್ಲಿ ಮಂಗಳಯಾನದ ಸಂಖ್ಯೆಗಳು ಇಂದು ಊಹೆಯಲ್ಲ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವ ದಾರಿಯಲ್ಲಿಯೇ ತನ್ನ ಉಪಕರಣದಿಂದ ಅಳೆದಾಗ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ ದಾಖಲಾಯಿತು, ಮಂಗಳದ ನೆಲದ ಮೇಲೆ ಸುಮಾರು 0.67. ನಮ್ಮ ದಿನಗಳಿಂದ ಗುಣಿಸಿದರೆ ದಾರಿಯಲ್ಲಿ 930, ನೆಲದ ಮೇಲೆ 305, ಒಟ್ಟು 1200 ಮಿಲಿಸೀವರ್ಟ್‌ಗಿಂತ ಹೆಚ್ಚು. ನಾಸಾ 2022ರಲ್ಲಿ ಅಳವಡಿಸಿಕೊಂಡ ಮಿತಿ ಒಬ್ಬ ಗಗನಯಾತ್ರಿಯ ಇಡೀ ವೃತ್ತಿಜೀವನಕ್ಕೆ 600. ಅಂದರೆ ನಿಮ್ಮ ನೌಕೆ ಮೊದಲ ಯಾನದಲ್ಲೇ ಮಿತಿಯನ್ನು ಎರಡು ಪಟ್ಟು ಮೀರುತ್ತದೆ. ಇದಕ್ಕೆ ದಪ್ಪ ಲೋಹದ ಗೋಡೆ ಪರಿಹಾರವೆಂದು ಮೊದಲಿಗೆ ತೋರುತ್ತದೆ, ಆದರೆ ನಕ್ಷತ್ರಲೋಕದಿಂದ ಬರುವ ಅತಿಶಕ್ತಿಯ ಕಣಗಳು ಅಲ್ಯೂಮಿನಿಯಂಗೆ ಬಡಿದು ನ್ಯೂಟ್ರಾನ್ ಮುಂತಾದ ಹೊಸ ಕಣಗಳನ್ನು ಸಿಡಿಸುತ್ತವೆ. ಜಲಜನಕ ಹೆಚ್ಚಿರುವ ನೀರು, ಪಾಲಿಎಥಿಲೀನ್‌ಗಳು ಈ ಕೆಲಸಕ್ಕೆ ಲೋಹಕ್ಕಿಂತ ಮೇಲು. ಹಾಗಿದ್ದರೂ ಇಡೀ ನೌಕೆಯನ್ನು ಮೀಟರ್‌ಗಟ್ಟಲೆ ದಪ್ಪ ನೀರಿನಿಂದ ಹೊದಿಸಲು ಸಾಧ್ಯವಿಲ್ಲ. ಈ ಹಿನ್ನೆಲೆ ವಿಕಿರಣವನ್ನು ಕಡಿಮೆ ಮಾಡುವ ಪ್ರಾಮಾಣಿಕ ಮಾರ್ಗ ದಾರಿಯ ದಿನಗಳನ್ನು ಕಡಿಮೆ ಮಾಡುವುದೇ, ಎಂಜಿನ್ನಿನ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ.

ಸೌರಬಿರುಗಾಳಿಯ ಮಾತು ಬೇರೆ, ಅದನ್ನು ತಡೆಯಬಹುದು. 1972ರ ಆಗಸ್ಟ್‌ನಲ್ಲಿ, ಅಪೊಲೊ 16 ಹಿಂದಿರುಗಿ ಅಪೊಲೊ 17 ಹೊರಡುವ ಮೊದಲು, ಸೂರ್ಯನಿಂದ ಬಂದ ಕಣಗಳ ಪ್ರವಾಹ ಚಂದ್ರನ ಮೇಲಿದ್ದವರನ್ನು ತೀವ್ರ ಅಸ್ವಸ್ಥರನ್ನಾಗಿಸುವಷ್ಟಿತ್ತು. ಇಂಥ ಪ್ರವಾಹ ಕೆಲವು ಗಂಟೆಗಳಿಂದ ಕೆಲವು ದಿನಗಳವರೆಗೆ ಇರುತ್ತದೆ. ಅಷ್ಟು ಹೊತ್ತು ನಾಲ್ವರು ಇಕ್ಕಟ್ಟಿನಲ್ಲಿ ಕುಳಿತುಕೊಳ್ಳುವ ಒಂದು ಆಶ್ರಯಕೋಣೆ ಸಾಕು. 2.2 ಮೀಟರ್ ವ್ಯಾಸ, 2.5 ಮೀಟರ್ ಉದ್ದದ ಕೊಳವೆಯಾಕಾರದ ಕೋಣೆಯ ಹೊರಮೈ ಸುಮಾರು 25 ಚದರ ಮೀಟರ್. ಅದರ ಸುತ್ತ 20 ಸೆಂಟಿಮೀಟರ್ ನೀರಿಟ್ಟರೆ 5 ಟನ್. ಈ 5 ಟನ್ನನ್ನು ಹೊಸದಾಗಿ ಹೊರಬೇಕಾಗಿಲ್ಲ, ನಿಮ್ಮ ಬಳಿ ಆಗಲೇ 7 ಟನ್ ಆಹಾರ, 2 ಟನ್ ನೀರು ಇವೆ. ಅವುಗಳನ್ನು ಆಶ್ರಯಕೋಣೆಯ ಗೋಡೆಯಾಗಿ ಜೋಡಿಸಿ. ಆಹಾರ ಖಾಲಿಯಾದಂತೆ ಅದೇ ಜಾಗಕ್ಕೆ ಒತ್ತಿ ಕಟ್ಟಿದ ಕಸ ಮತ್ತು ಒಣಗಿಸಿದ ಮಲದ ಪೊಟ್ಟಣಗಳು ಬರಲಿ. ಓದಲು ಅಸಹ್ಯವೆನಿಸಬಹುದು, ಕಣಗಳಿಗೆ ಆ ಭೇದವಿಲ್ಲ.

ಇನ್ನು ಚಕ್ರ. ವೃತ್ತದಲ್ಲಿ ತಿರುಗುವಾಗ ಹುಟ್ಟುವ ವೇಗೋತ್ಕರ್ಷ ಕೋನೀಯ ವೇಗದ ವರ್ಗ ಮತ್ತು ತ್ರಿಜ್ಯಗಳ ಗುಣಲಬ್ಧ ಎಂಬುದು ನಿಮಗೆ ಗೊತ್ತೇ ಇದೆ. ನಿಮಿಷಕ್ಕೆ 2 ಸುತ್ತಿನಲ್ಲಿ ಭೂಮಿಯಷ್ಟೇ ತೂಕ ಬೇಕೆಂದರೆ ತ್ರಿಜ್ಯ 224 ಮೀಟರ್ ಆಗಬೇಕು. ಮಂಗಳದಷ್ಟು, ಅಂದರೆ ಭೂಮಿಯ ಶೇಕಡ 38ರಷ್ಟು ಸಾಕೆಂದು ಒಪ್ಪಿ, ನಿಮಿಷಕ್ಕೆ 4 ಸುತ್ತು ತಿರುಗಿಸಿದರೆ ತ್ರಿಜ್ಯ 21 ಮೀಟರ್‌ಗೆ ಇಳಿಯುತ್ತದೆ. 2 ಸುತ್ತಿಗೆ ಬಹುತೇಕರು ಬೇಗ ಹೊಂದಿಕೊಳ್ಳುತ್ತಾರೆ, 4 ಸುತ್ತಿಗೆ ಕೆಲವು ದಿನಗಳ ಅಭ್ಯಾಸ ಬೇಕು. ಅದಕ್ಕಿಂತ ವೇಗವಾದರೆ ತಲೆ ತಿರುಗಿಸಿದಾಗಲೆಲ್ಲ ಕಿವಿಯೊಳಗಿನ ಸಮತೋಲನ ವ್ಯವಸ್ಥೆ ಗೊಂದಲಗೊಂಡು ವಾಕರಿಕೆ ಬರುತ್ತದೆ. ನಿಮ್ಮ ಚಿತ್ರದಲ್ಲಿ ಚಕ್ರ ನೌಕೆಯ ಕತ್ತಿಗೆ ಹಾಕಿದ ಉಂಗುರದಷ್ಟಿದ್ದರೆ ಅದನ್ನು ಅಳಿಸಿ. 21 ಮೀಟರ್ ತ್ರಿಜ್ಯವೆಂದರೆ ವಿಜಯಪುರದ ಗೋಳಗುಮ್ಮಟದ ಗುಮ್ಮಟದಷ್ಟು ಅಗಲ, ಅದರ ಹೊರವ್ಯಾಸ ಸುಮಾರು 44 ಮೀಟರ್. ಮುಂದಿನ ಸಲ ವಿಜಯಪುರಕ್ಕೆ ಹೋದಾಗ ಕೆಳಗೆ ನಿಂತು ತಲೆಯೆತ್ತಿ ನೋಡಿ, ಅಷ್ಟು ಅಗಲದ ಚಕ್ರವನ್ನು 5 ಮೀಟರ್ ವ್ಯಾಸದ ರಾಕೆಟ್ ಮೂತಿಯೊಳಗೆ ಮಡಚಿಡುವುದು ಹೇಗೆಂದು ಯೋಚಿಸಿ. ಮಡಚಿದರೂ, ಬಿಡಿಬಿಡಿಯಾಗಿ ಒಯ್ದು ಜೋಡಿಸಿದರೂ, ತಿರುಗುವ ಮತ್ತು ತಿರುಗದ ಭಾಗಗಳ ನಡುವೆ ಗಾಳಿ ಸೋರದ ಬೇರಿಂಗ್ ಒಂದು ಬೇಕು, ಅದು ಮೂರು ವರ್ಷ ಕೆಡದೆ ನಡೆಯಬೇಕು. ಆ ಬೇರಿಂಗನ್ನು ನಾನು ನಂಬಲಾರೆ.

ಚಕ್ರದ ಬದಲು ಇಡೀ ನೌಕೆಯನ್ನೇ ತಿರುಗಿಸುವುದು ಉತ್ತಮ. ವಾಸದ ಭಾಗವನ್ನು ಒಂದು ತುದಿಗೂ, ಖಾಲಿಯಾದ ಇಂಧನ ಹಂತವನ್ನೋ ರಿಯಾಕ್ಟರನ್ನೋ ಇನ್ನೊಂದು ತುದಿಗೂ ಇಟ್ಟು, ನಡುವೆ ಉದ್ದನೆಯ ಕಂಬಿಯ ಚೌಕಟ್ಟು ಅಥವಾ ಹಗ್ಗದಿಂದ ಜೋಡಿಸಿ ಒಟ್ಟಾಗಿ ಸುತ್ತಿಸಿದರೆ ಸೀಲು, ಬೇರಿಂಗುಗಳ ಗೋಜಿಲ್ಲ. 1966ರ ಸೆಪ್ಟೆಂಬರ್‌ನಲ್ಲಿ ಜೆಮಿನಿ 11 ನೌಕೆಯನ್ನು ಅಜೀನಾ ಎಂಬ ರಾಕೆಟ್ ಹಂತಕ್ಕೆ ಹಗ್ಗದಿಂದ ಕಟ್ಟಿ ಸುತ್ತಿಸಿ, ಅತ್ಯಲ್ಪವಾದರೂ ಕೃತಕ ಗುರುತ್ವವನ್ನು ಪಡೆಯಲಾಗಿತ್ತು. ಸುತ್ತುತ್ತಿರುವಾಗ ಪಥ ತಿದ್ದುವುದು, ಆಂಟೆನಾವನ್ನು ಭೂಮಿಯತ್ತ ಹಿಡಿದಿಡುವುದು ತೊಡಕಿನ ಕೆಲಸ, ಅದನ್ನು ವರದಿಯಲ್ಲಿ ಮುಚ್ಚಿಡಬೇಡಿ. ಕೃತಕ ಗುರುತ್ವವೇ ಬೇಡವೆನ್ನುವ ವಾದಕ್ಕೂ ಬಲವಿದೆ. ವ್ಯಾಯಾಮವಿಲ್ಲದಿದ್ದರೆ ಸೊಂಟದ ಎಲುಬು ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸವೆಯುತ್ತದೆ, ಆದರೆ ದಿನಕ್ಕೆ ಸುಮಾರು 2 ಗಂಟೆಯ ಕಠಿಣ ವ್ಯಾಯಾಮದಿಂದ ಬಹುಪಾಲು ತಡೆಯಬಹುದು. ರಷ್ಯದ ಗಗನಯಾತ್ರಿ ವ್ಯಾಲೆರಿ ಪೊಲ್ಯಾಕೊವ್ 1994-95ರಲ್ಲಿ ಆ ದೇಶದ ಮೀರ್ ಅಂತರಿಕ್ಷ ನಿಲ್ದಾಣದಲ್ಲಿ 437 ದಿನ ಇದ್ದು, ಇಳಿದ ಮೇಲೆ ತಾವೇ ನಡೆದು ತೋರಿಸಿದ್ದರು. ಮಂಗಳದ 259 ದಿನಗಳ ದಾರಿಗೆ ವ್ಯಾಯಾಮ ಸಾಕು, ಕ್ಯಾಲಿಸ್ಟೊದ ವರ್ಷಗಳ ದಾರಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ನಿಮ್ಮ ಮಂಗಳ ನೌಕೆಯಲ್ಲಿ ಚಕ್ರ ಬೇಕಿಲ್ಲ.

ಈಗ ಎಂಜಿನ್. ರಷ್ಯದ ವಿಜ್ಞಾನಿ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣದ ಪ್ರಕಾರ, ಆರಂಭದ ತೂಕಕ್ಕೂ ಇಂಧನ ಮುಗಿದ ಮೇಲಿನ ತೂಕಕ್ಕೂ ಇರುವ ಅನುಪಾತ, ಬೇಕಾದ ವೇಗ ಬದಲಾವಣೆಯನ್ನು ನಿಷ್ಕಾಸ ವೇಗದಿಂದ (ಎಂಜಿನ್ನಿನಿಂದ ಅನಿಲ ಹೊರಚಿಮ್ಮುವ ವೇಗ) ಭಾಗಿಸಿದಾಗ ಬರುವ ಸಂಖ್ಯೆಯ ಘಾತದಂತೆ ಏರುತ್ತದೆ. ಭೂಕಕ್ಷೆಯಿಂದ ಹೊರಟು, ಮಂಗಳದ ಉದ್ದ ದೀರ್ಘವೃತ್ತ ಕಕ್ಷೆ ಸೇರಿ, ಮತ್ತೆ ಭೂಮಿಯತ್ತ ತಿರುಗಲು ಹೆಚ್ಚು ಕಡಿಮೆ ಸೆಕೆಂಡಿಗೆ 6 ಕಿ.ಮೀ. ವೇಗ ಬದಲಾವಣೆ ಬೇಕೆಂದು ಇಟ್ಟುಕೊಳ್ಳಿ. ಇಂಧನ ಬಿಟ್ಟು ಉಳಿದೆಲ್ಲ, ಖಾಲಿ ಟ್ಯಾಂಕುಗಳೂ ಸೇರಿ, 60 ಟನ್ ಎಂದು ಉದಾರವಾಗಿ ಭಾವಿಸೋಣ. ಮೀಥೇನ್ ಮತ್ತು ದ್ರವ ಆಮ್ಲಜನಕದ ನಿಷ್ಕಾಸ ವೇಗ ಸೆಕೆಂಡಿಗೆ ಸುಮಾರು 3.7 ಕಿ.ಮೀ., ಹೊರಡುವಾಗಿನ ತೂಕ 304 ಟನ್. ಜಲಜನಕ ಮತ್ತು ಆಮ್ಲಜನಕಕ್ಕೆ 4.4 ಕಿ.ಮೀ., ತೂಕ 235 ಟನ್. ರಿಯಾಕ್ಟರಿನ ಶಾಖದಿಂದ ಜಲಜನಕವನ್ನು ಕಾಯಿಸಿ ಹೊರದೂಡುವ ಪರಮಾಣು ಉಷ್ಣ ರಾಕೆಟ್‌ಗೆ 8.8 ಕಿ.ಮೀ., ತೂಕ ಸುಮಾರು 119 ಟನ್. ಕಾಗದದ ಮೇಲೆ ಪರಮಾಣು ಎಂಜಿನ್ ಗೆದ್ದೇ ಗೆಲ್ಲುತ್ತದೆ. ಆದರೆ ದ್ರವ ಜಲಜನಕದ ಸಾಂದ್ರತೆ ಘನ ಮೀಟರಿಗೆ 71 ಕೆ.ಜಿ. ಮಾತ್ರ, ಆದ್ದರಿಂದ ಆ 59 ಟನ್ ಜಲಜನಕಕ್ಕೆ 830 ಘನ ಮೀಟರ್ ಟ್ಯಾಂಕು ಬೇಕು. ಅದಕ್ಕಿಂತ ನಾಲ್ಕು ಪಟ್ಟು ತೂಗುವ ಮೀಥೇನ್ ಮತ್ತು ಆಮ್ಲಜನಕ ಸುಮಾರು 300 ಘನ ಮೀಟರಿನಲ್ಲೇ ಹಿಡಿಯುತ್ತವೆ. ಮೇಲಾಗಿ ಜಲಜನಕವನ್ನು ಮೈನಸ್ 253 ಡಿಗ್ರಿಯಲ್ಲಿ, ಆವಿಯಾಗಿ ಹೋಗದಂತೆ, ಮಂಗಳದಲ್ಲಿ ಕಾಯುವ ದಿನಗಳೂ ಸೇರಿ ಎರಡು ವರ್ಷ ಕಾಪಾಡಬೇಕು. ಮೀಥೇನಿಗೆ ಮೈನಸ್ 161, ಆಮ್ಲಜನಕಕ್ಕೆ ಮೈನಸ್ 183 ಸಾಕು, ಎರಡೂ ಹತ್ತಿರದ ಉಷ್ಣತೆಗಳಾದ್ದರಿಂದ ವ್ಯವಸ್ಥೆ ಸರಳ. ಅಮೆರಿಕ 1960ರ ದಶಕದಲ್ಲಿ ನೆವಾಡದಲ್ಲಿ ಪರಮಾಣು ಉಷ್ಣ ಎಂಜಿನ್‌ಗಳನ್ನು ನೆಲದ ಮೇಲೆ ಯಶಸ್ವಿಯಾಗಿ ಪರೀಕ್ಷಿಸಿತ್ತು, ಆ ಯೋಜನೆ 1973ರಲ್ಲಿ ನಿಂತಿತು. ಅಂಥ ಎಂಜಿನ್ ಈವರೆಗೆ ಅಂತರಿಕ್ಷದಲ್ಲಿ ನೌಕೆಯನ್ನು ನಡೆಸಿಲ್ಲ.

ಅನುಪಾತದ ಇನ್ನೊಂದು ಮುಖವನ್ನು ಗಮನಿಸಿ. ಮೀಥೇನ್ ನೌಕೆಯಲ್ಲಿ ಅನುಪಾತ 5, ಆದ್ದರಿಂದ ವಾಸದ ಭಾಗದಲ್ಲಿ ನೀವು ಉಳಿಸುವ ಪ್ರತಿ ಟನ್ ಹೊರಡುವಾಗ 5 ಟನ್ ಉಳಿಸುತ್ತದೆ. ನೀರಿನ ಮರುಬಳಕೆಯಿಂದ ಉಳಿದ 12 ಟನ್ ಎಂದರೆ ಕಕ್ಷೆಯಲ್ಲಿ 60 ಟನ್. ಪಂಪು ಮತ್ತು ಮೂತ್ರದ ಬಗ್ಗೆ ನಾನು ಅಷ್ಟು ಬರೆದದ್ದು ಇದಕ್ಕಾಗಿಯೇ.

ನೀವು ಪರಮಾಣು ಎಂಜಿನ್ ಎಂದಾಗ ಬಹುಶಃ ರಿಯಾಕ್ಟರಿನಿಂದ ವಿದ್ಯುತ್ ತಯಾರಿಸಿ ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣುಗಳು) ಹೊರದೂಡುವ ಎರಡನೆಯ ಬಗೆಯೂ ಮನಸ್ಸಿನಲ್ಲಿರಬಹುದು. ಅದರ ನಿಷ್ಕಾಸ ವೇಗ ಸೆಕೆಂಡಿಗೆ 30 ಕಿ.ಮೀ. ದಾಟುವುದರಿಂದ ಇಂಧನ ಬಹಳ ಕಡಿಮೆ ಸಾಕು. ಆದರೆ 1 ಮೆಗಾವ್ಯಾಟ್ ವಿದ್ಯುತ್ ಹಾಕಿ, ಶೇಕಡ 60 ದಕ್ಷತೆ ಹಿಡಿದರೆ, ಸಿಗುವ ನೂಕುಬಲ 40 ನ್ಯೂಟನ್, ಅಂದರೆ ಭೂಮಿಯಲ್ಲಿ 4 ಕೆ.ಜಿ. ವಸ್ತುವಿನ ತೂಕದಷ್ಟು. 100 ಟನ್ ನೌಕೆಯ ವೇಗ ಅದರಿಂದ ದಿನಕ್ಕೆ ಸೆಕೆಂಡಿಗೆ 35 ಮೀಟರಿನಷ್ಟು ಮಾತ್ರ ಹೆಚ್ಚುತ್ತದೆ, 6 ಕಿ.ಮೀ. ವೇಗ ಗಳಿಸಲು ಆರು ತಿಂಗಳು ಸತತವಾಗಿ ನಡೆಯಬೇಕು. ಇಂಥ ನೌಕೆ ಭೂಮಿಯ ಸುತ್ತ ಸುರುಳಿಸುತ್ತುತ್ತ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳನ್ನು ನಿಧಾನವಾಗಿ ದಾಟುವುದರಿಂದ, ಜನರು ಅದು ಮೇಲೇರಿದ ನಂತರವೇ ಬೇರೊಂದು ನೌಕೆಯಲ್ಲಿ ಹೋಗಿ ಸೇರಬೇಕಾಗುತ್ತದೆ. ವಾಸ್ತವದಲ್ಲಿ ಹಾರಿರುವ ರಿಯಾಕ್ಟರುಗಳು ಎಷ್ಟು ಚಿಕ್ಕವು ಎಂಬುದನ್ನೂ ನೋಡಿ: 1965ರ ಅಮೆರಿಕದ ಸ್ನ್ಯಾಪ್-10ಎ ಸುಮಾರು 500 ವ್ಯಾಟ್, 1987ರ ಸೋವಿಯತ್ ಟೊಪಾಜ್ ಸುಮಾರು 5 ಕಿಲೋವ್ಯಾಟ್ ವಿದ್ಯುತ್ ನೀಡುತ್ತಿದ್ದವು.

ಬೆಳಗಾವಿಯಲ್ಲಿ ಶಾಖ ವರ್ಗಾವಣೆಯ ಪಾಠ ಹೇಳುವವನಾದ್ದರಿಂದ ಮುಂದಿನ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಕ್ಷಮಿಸಬೇಕು. ನಿಮ್ಮ ಚಿತ್ರದಲ್ಲಿ ಚಕ್ರವಿದೆ, ಎಂಜಿನ್ನಿದೆ, ಆದರೆ ಶಾಖ ಹೊರಹಾಕುವ ರೇಡಿಯೇಟರ್ ಫಲಕಗಳ ಸುಳಿವಿಲ್ಲ. ನಿರ್ವಾತದಲ್ಲಿ ಗಾಳಿಯಿಲ್ಲ, ಶಾಖ ವಿಕಿರಣದ ಮೂಲಕವೇ ಹೋಗಬೇಕು. ಶೇಕಡ 25 ದಕ್ಷತೆಯಲ್ಲಿ 1 ಮೆಗಾವ್ಯಾಟ್ ವಿದ್ಯುತ್ ತಯಾರಿಸುವ ರಿಯಾಕ್ಟರ್ 3 ಮೆಗಾವ್ಯಾಟ್ ಶಾಖವನ್ನು ಹೊರಹಾಕಬೇಕು. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಂತೆ 300 ಕೆಲ್ವಿನ್‌ನಲ್ಲಿರುವ ಫಲಕ ಚದರ ಮೀಟರಿಗೆ ಹೆಚ್ಚೆಂದರೆ 460 ವ್ಯಾಟ್ ಸೂಸುತ್ತದೆ, ಆ ಲೆಕ್ಕದಲ್ಲಿ 6500 ಚದರ ಮೀಟರ್ ಬೇಕು. ಫಲಕವನ್ನು 500 ಕೆಲ್ವಿನ್‌ಗೆ ಏರಿಸಿದರೆ 850, 800 ಕೆಲ್ವಿನ್‌ಗೆ ಏರಿಸಿದರೆ 130 ಚದರ ಮೀಟರ್ ಸಾಕು. ಹಾಗಾದರೆ ಬಿಸಿಯಾಗಿಯೇ ಇಡೋಣ ಎನ್ನುವಿರಿ. ಆದರೆ ಕಾರ್ನೊ ನಿಯಮ ಅಲ್ಲಿಯೇ ಅಡ್ಡ ಬರುತ್ತದೆ: ತಂಪು ಬದಿಯ ಉಷ್ಣತೆ ಏರಿದಷ್ಟೂ ದಕ್ಷತೆ ಇಳಿಯುತ್ತದೆ, ದಕ್ಷತೆ ಇಳಿದಷ್ಟೂ ಹೊರಹಾಕಬೇಕಾದ ಶಾಖ ಹೆಚ್ಚುತ್ತದೆ. ಈ ಎರಡರ ನಡುವೆ ಒಟ್ಟು ತೂಕ ಕನಿಷ್ಠವಾಗುವ ಬಿಂದುವನ್ನು ಹುಡುಕುವುದೇ ನಿಜವಾದ ವಿನ್ಯಾಸ. ನಿಮ್ಮ ಇಡೀ ಪ್ರಾಜೆಕ್ಟ್ ಈ ಒಂದು ವಕ್ರರೇಖೆಯನ್ನು ಸರಿಯಾಗಿ ಬರೆದರೂ ನನಗೆ ತೃಪ್ತಿಯೇ. ಪರಮಾಣು ವಿದ್ಯುತ್ ನೌಕೆಯ ಪ್ರಾಮಾಣಿಕ ಚಿತ್ರ ಬರೆದರೆ ದೂರದಿಂದ ಕಾಣುವುದು ಹೆಚ್ಚಾಗಿ ರೇಡಿಯೇಟರೇ.

ರೇಡಿಯೇಟರಿನ ಕೊಳವೆಗಳು ಹೊರಗೆ ತೆರೆದುಕೊಂಡಿರುತ್ತವೆ ಎಂಬುದನ್ನೂ ನೆನಪಿಡಿ. 2022ರ ಡಿಸೆಂಬರ್‌ನಲ್ಲಿ ನಿಲ್ದಾಣಕ್ಕೆ ಜೋಡಿಸಿದ್ದ ಸೊಯೂಜ್ ಎಂಎಸ್-22 ನೌಕೆಯ ರೇಡಿಯೇಟರಿನಲ್ಲಿ ಒಂದು ಮಿಲಿಮೀಟರಿಗೂ ಚಿಕ್ಕ ರಂಧ್ರವಾಗಿ ತಂಪುದ್ರವವೆಲ್ಲ ಹೊರಹೋಯಿತು. ಅದರಲ್ಲಿ ಬರಬೇಕಿದ್ದ ಮೂವರು ಬದಲಿ ನೌಕೆಗಾಗಿ ಕಾದು, 371 ದಿನ ಕಳೆದ ಮೇಲೆ ಭೂಮಿಗಿಳಿದರು. ನಿಮ್ಮ ನೌಕೆಗೆ ಬದಲಿ ಬರುವುದಿಲ್ಲ, ಆದ್ದರಿಂದ ತಂಪುದ್ರವದ ಸುರುಳಿಗಳು ಕನಿಷ್ಠ ಎರಡು, ಫಲಕಗಳು ಒಂದೊಂದಾಗಿ ಮುಚ್ಚಿಡಬಹುದಾದಂಥವು ಇರಲಿ. ವಾಸದ ಭಾಗವನ್ನೂ ಪ್ರತ್ಯೇಕವಾಗಿ ಬದುಕಬಲ್ಲ ಎರಡು ಕೋಣೆಗಳಾಗಿ ಮಾಡಿ, ಪ್ರತಿಯೊಂದಕ್ಕೂ ಸ್ವಂತ ಗಾಳಿ ಶುದ್ಧೀಕರಣ ಇರಲಿ. ಅವುಗಳ ನಡುವಿನ ಬಾಗಿಲಿನ ಮೂಲಕ ಯಾವ ಕೇಬಲ್ಲನ್ನೂ ಎಳೆಯಬೇಡಿ. 1997ರ ಜೂನ್‌ನಲ್ಲಿ ಸರಕು ನೌಕೆಯೊಂದು ಮೀರ್‌ನ ಸ್ಪೆಕ್ಟರ್ ಭಾಗಕ್ಕೆ ಡಿಕ್ಕಿ ಹೊಡೆದು ಗಾಳಿ ಸೋರತೊಡಗಿದಾಗ, ಬಾಗಿಲು ಮುಚ್ಚುವ ಮೊದಲು ಅದರ ಮೂಲಕ ಹಾಯ್ದಿದ್ದ ಕೇಬಲ್‌ಗಳನ್ನು ಕೀಳುವುದಕ್ಕೂ ಕತ್ತರಿಸುವುದಕ್ಕೂ ಅಮೂಲ್ಯ ನಿಮಿಷಗಳು ಹೋದವು. ಉಪಕರಣಗಳ ಜೋಡಣೆಯ ಆಕಾರವೂ ಒಂದೇ ಇರಲಿ. 1970ರಲ್ಲಿ ಅಪೊಲೊ 13ರಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರುವ ಚೌಕಾಕಾರದ ಡಬ್ಬಿಗಳನ್ನು ದುಂಡನೆಯ ತೂತಿಗೆ ಹೊಂದಿಸಲು ಪ್ಲಾಸ್ಟಿಕ್ ಚೀಲ, ಟೇಪು ಬಳಸಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು.

ಇಳಿಯುವ ಕೆಲಸವನ್ನು ಈ ನೌಕೆಗೆ ಹೊರಿಸಬೇಡಿ. ಅಪೊಲೊ ಯೋಜನೆಯಲ್ಲಿ 1962ರಲ್ಲಿ ಕೈಗೊಂಡ ಮುಖ್ಯ ನಿರ್ಧಾರವೇ ದೊಡ್ಡ ನೌಕೆ ಚಂದ್ರನ ಕಕ್ಷೆಯಲ್ಲೇ ಇದ್ದು, ಹಗುರ ನೌಕೆ ಮಾತ್ರ ಇಳಿದು ಬರುವುದು. ಮಂಗಳದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿಯ ವಾತಾವರಣ ಭೂಮಿಯದರ ಶೇಕಡ 1ಕ್ಕಿಂತ ತೆಳು, ಇದುವರೆಗೆ ಇಳಿಸಿದ ಅತಿ ಭಾರದ ರೋವರ್ ಪರ್ಸಿವರೆನ್ಸ್ ತೂಗುವುದು ಸುಮಾರು 1 ಟನ್. ಇಳಿಯುವ ನೌಕೆಯ ವಿನ್ಯಾಸ ಬೇರೆಯೇ ಪ್ರಾಜೆಕ್ಟ್, ಅದನ್ನು ನಿಮ್ಮ ಜೂನಿಯರ್‌ಗಳಿಗೆ ಬಿಡಿ. ಮರಳುವಾಗಲೂ ಇಡೀ ನೌಕೆಯನ್ನು ನಿಲ್ಲಿಸಲು ಇಂಧನ ಸುಡದೆ, ಸೆಕೆಂಡಿಗೆ 11 ಕಿ.ಮೀ.ಗಿಂತ ಹೆಚ್ಚಿನ ವೇಗದ ಪ್ರವೇಶವನ್ನು ತಾಳುವ ಉಷ್ಣಕವಚದ ಚಿಕ್ಕ ಕ್ಯಾಪ್ಸೂಲಿನಲ್ಲಿ ನಾಲ್ವರು ಇಳಿಯಲಿ. ಮೇಲಿನ 6 ಕಿ.ಮೀ. ಲೆಕ್ಕ ಈ ಊಹೆಯ ಮೇಲೆಯೇ ನಿಂತಿದೆ.

ಇದನ್ನೆಲ್ಲ ಮೇಲೇರಿಸುವುದು ಹೇಗೆ ಎಂದು ಪರೀಕ್ಷಕರು ಖಂಡಿತ ಕೇಳುತ್ತಾರೆ. ನಮ್ಮ ಎಲ್‌ವಿಎಂ3 ರಾಕೆಟ್ ಕೆಳ ಭೂಕಕ್ಷೆಗೆ ಸುಮಾರು 8 ಟನ್ ಒಯ್ಯುತ್ತದೆ. 304 ಟನ್ನಿಗೆ 38 ಉಡಾವಣೆ ಬೇಕು, ಅವುಗಳಲ್ಲಿ ಹೆಚ್ಚಿನವು ಬರೀ ಇಂಧನದ ಟ್ಯಾಂಕರ್‌ಗಳು. ಅಲ್ಲಿ ತೀರ್ಮಾನಿಸುವುದು ಜೋಡಣೆ ಮತ್ತು ಕಕ್ಷೆಯಲ್ಲಿ ಇಂಧನ ತುಂಬಿಸುವ ಕೌಶಲ. ಇಸ್ರೊ 2025ರ ಜನವರಿ 16ರಂದು ಸ್ಪೇಡೆಕ್ಸ್ ಯೋಜನೆಯಲ್ಲಿ ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸಿತು. ಗಗನಯಾನ ಮೂವರನ್ನು 400 ಕಿ.ಮೀ. ಎತ್ತರದಲ್ಲಿ 3 ದಿನ ಇರಿಸುವ ಗುರಿ ಹೊಂದಿದೆ. 3 ದಿನಕ್ಕೂ 970 ದಿನಕ್ಕೂ ನಡುವೆ ನಿಂತಿರುವುದು ಮುಖ್ಯವಾಗಿ ಕೆಡದ ಪಂಪುಗಳು ಮತ್ತು ಬಿಚ್ಚಿ ಜೋಡಿಸಬಹುದಾದ ಯಂತ್ರಗಳು.

ನಿಮ್ಮ ವೇಳಾಪಟ್ಟಿಗೆ ಹೊಂದುವಂತೆ ಹೇಳುವುದಾದರೆ, ಗುರಿ ಮಂಗಳದ ಕಕ್ಷೆ, ನಾಲ್ವರು, 970 ದಿನ, ಚಕ್ರವಿಲ್ಲ, ಮೀಥೇನ್ ಮತ್ತು ಆಮ್ಲಜನಕದ ಎಂಜಿನ್ ಎಂದು ಮೂಲ ವಿನ್ಯಾಸ ಇಟ್ಟುಕೊಳ್ಳಿ. ಪರಮಾಣು ಉಷ್ಣ ಎಂಜಿನ್ನನ್ನು ಅದರೊಡನೆ ಹೋಲಿಸಿ ಒಂದು ಅಧ್ಯಾಯ ಬರೆಯಿರಿ, ಪರಮಾಣು ವಿದ್ಯುತ್ತನ್ನು ಕ್ಯಾಲಿಸ್ಟೊ ಅಧ್ಯಾಯಕ್ಕೆ ಇಡಿ. ಒಬ್ಬರಿಗೆ ಕನಿಷ್ಠ 25 ಘನ ಮೀಟರ್ ವಾಸಯೋಗ್ಯ ಜಾಗವೆಂಬ ನಾಸಾ ತಜ್ಞರ ಶಿಫಾರಸು ಹಿಡಿದರೆ ನಾಲ್ವರಿಗೆ 100 ಘನ ಮೀಟರ್. ಅಷ್ಟು ಜಾಗವನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ಪ್ಲೈವುಡ್‌ನಿಂದ ನಿಜವಾದ ಅಳತೆಯಲ್ಲೇ ಕಟ್ಟಿ, ಪಂಪಿನ ಮುಚ್ಚಳ ತೆಗೆಯಲು ಕೈ ಹೋಗುತ್ತದೆಯೇ, ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿ ಬಾಗಿಲು ಹಾಕಲು ಎಷ್ಟು ಸೆಕೆಂಡು ಬೇಕು ಎಂದು ಅಳೆದು ನೋಡಿ. ಮೊದಲ ವಾರದಲ್ಲಿ ಮಾಡಬೇಕಾದ ಕೆಲಸ ಮಾತ್ರ ಒಂದೇ ಹಾಳೆಯ ತೂಕಪಟ್ಟಿ: ಪ್ರತಿ ವಸ್ತು, ಅದರ ತೂಕ, ಅದಕ್ಕೆ ಬೇಕಾದ ವಿದ್ಯುತ್, ಅದು ಹೊರಹಾಕುವ ಶಾಖ, ಕೆಟ್ಟರೆ ಅದರ ಬದಲಿ ಎಲ್ಲಿದೆ ಎಂಬ ಐದು ಕಾಲಂಗಳು. ಕೊನೆಯ ಕಾಲಂ ಖಾಲಿ ಉಳಿದ ಸಾಲುಗಳನ್ನು ನನಗೆ ಕಳುಹಿಸಿ, ಮುಂದಿನ ಚರ್ಚೆಯನ್ನು ಅವುಗಳಿಂದ ಆರಂಭಿಸೋಣ.